ಹಿಂದೆ ಸರಿಯುವ ಹಕ್ಕು

ವಿಜ್ಞಾನ ಮೇಳದ ನಿಯಮಗಳನ್ನು ಮಹದೇವಪ್ರಸಾದ್ ಮೇಷ್ಟ್ರು ಒಂಬತ್ತನೇ ತರಗತಿಗೆ ಗಟ್ಟಿಯಾಗಿ ಓದಿ ಹೇಳಿದರು. ಒಂದು ತಂಡದಲ್ಲಿ ಇಬ್ಬರಿಗಿಂತ ಹೆಚ್ಚು ಜನ ಇರಕೂಡದು. ಹೆಸರು ನೋಂದಾಯಿಸಿದ ಮೇಲೆ ಜೊತೆಗಾರರನ್ನು ಬದಲಾಯಿಸುವಂತಿಲ್ಲ. ಮನೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವಂತಿಲ್ಲ, ಪ್ರಾಣಿಗಳಿಗೆ ನೋವಾಗುವಂಥದ್ದು ಏನೂ ಮಾಡುವಂತಿಲ್ಲ. ಮೇಜಿನ ಮೇಲೆ ಬೆಂಕಿ, ದ್ರವ, ತಿನ್ನುವ ಪದಾರ್ಥ ಇಡುವಂತಿಲ್ಲ. ಕೊನೆಯ ನಿಯಮ ಉದ್ದವಾಗಿತ್ತು. ಮನುಷ್ಯರ ಮೇಲೆ ಪರೀಕ್ಷೆ ಮಾಡುವುದಾದರೆ ಮೊದಲೇ ಸಮಿತಿಯ ಅನುಮತಿ ಪಡೆಯಬೇಕು. ಪರೀಕ್ಷೆಗೆ ಒಳಗಾಗುವವರಿಂದ ಒಪ್ಪಿಗೆಯ ಸಹಿ ಹಾಕಿಸಿಕೊಳ್ಳಬೇಕು. ಅವರ ಹೆಸರನ್ನು ಯಾರಿಗೂ ಹೇಳಕೂಡದು. ಅವರು ಯಾವಾಗ ಬೇಕಾದರೂ, ಕಾರಣ ಹೇಳದೆ, ಹಿಂದೆ ಸರಿಯಬಹುದು. ಅಷ್ಟು ಹೊತ್ತಿಗೆ ಹುಡುಗರು ಥರ್ಮೋಕೋಲ್ ಬೋರ್ಡು ಎಷ್ಟಗಲ ಇರಬೇಕು ಎಂದು ಕೇಳತೊಡಗಿದ್ದರು.

ಕೊನೆಯ ನಿಯಮವನ್ನು ಮೈಯೆಲ್ಲ ಕಿವಿಯಾಗಿ ಕೇಳಿಸಿಕೊಂಡವರು ಮಧುಶ್ರೀ ಮತ್ತು ಅನುಪಮಾ. ಅವರ ಪ್ರಯೋಗ ಮನುಷ್ಯರ ಮೂಗಿನ ಮೇಲೆಯೇ ಇತ್ತು. ವಯಸ್ಸಾದ ಹಾಗೆ ಕಣ್ಣು ಕಿವಿ ಮಂದವಾಗುತ್ತವೆ, ಮೂಗೂ ಆಗುತ್ತದೆಯೇ ಎಂಬುದು ಮಧುಶ್ರೀಯ ಪ್ರಶ್ನೆ. ಅದನ್ನು ಪರೀಕ್ಷಿಸುವ ಬಗೆ ಹುಡುಕಿದವಳು ಅನುಪಮಾ. ಮುಚ್ಚಳವಿರುವ ಪುಟ್ಟ ಡಬ್ಬಿಗಳಿಗೆ ಕಪ್ಪು ಕಾಗದ ಸುತ್ತಿ, ಒಳಗೆ ಹತ್ತಿ ಇಟ್ಟು, ಒಂದೊಂದರಲ್ಲಿ ಒಂದೊಂದು ಪದಾರ್ಥ ಹಾಕುವುದು: ಕಾಫಿಪುಡಿ, ಇಂಗು, ಲವಂಗ, ಗಂಧದ ಪುಡಿ, ನಿಂಬೆ ಸಿಪ್ಪೆ, ಕರ್ಪೂರ. ಒಂದು ಡಬ್ಬಿಯಲ್ಲಿ ಬರೀ ಹತ್ತಿ. ಕಣ್ಣು ಮುಚ್ಚಿ ಮೂಸಿ ನೋಡಿ ಯಾವುದೆಂದು ಹೇಳಬೇಕು.

ಸಮಿತಿ ಅನುಮತಿ ಕೊಟ್ಟಿತು, ಒಂದು ಷರತ್ತು ಹಾಕಿ. ತಮ್ಮ ಮನೆಯವರನ್ನು, ಅಕ್ಕಪಕ್ಕದವರನ್ನು ತಾವೇ ಪರೀಕ್ಷಿಸಬಾರದು, ಜೊತೆಗಾತಿ ಪರೀಕ್ಷಿಸಬೇಕು. ಹಾಗಾಗಿ ಮಧುಶ್ರೀ ಯಾದವಗಿರಿಯ ರೈಲ್ವೆ ಕ್ವಾರ್ಟರ್ಸಿಗೆ ಹೋಗಿ ಅನುಪಮಾಳ ತಂದೆ ಅಮರ್, ಅಜ್ಜಿ ಮಂಚಮ್ಮ ಮತ್ತು ಅಲ್ಲಿನ ನೆರೆಹೊರೆಯವರಿಗೆಲ್ಲ ಡಬ್ಬಿ ಮೂಸಿಸಿ ಬಂದಳು. ಮುಂದಿನ ಭಾನುವಾರ ಅನುಪಮಾ ಬನ್ನಿಮಂಟಪದ ಮಧುಶ್ರೀಯ ಬೀದಿಗೆ ಬಂದಳು.

ಮಧುಶ್ರೀಯ ತಾಯಿ ಸರ್ವಮಂಗಳಾ ಮನೆಯಲ್ಲೇ ಹುಳಿಪುಡಿ, ಸಾರಿನಪುಡಿ ಮಾಡಿ ಮಾರುತ್ತಿದ್ದರು. ಮೊದಲು ಗೊತ್ತಿರುವ ಮನೆಗಳಿಗಷ್ಟೇ ಕೊಡುತ್ತಿದ್ದರು, ಈಗ ಎರಡು ಅಂಗಡಿಯವರೂ ಕೇಳಿ ತರಿಸಿಕೊಳ್ಳುತ್ತಿದ್ದರು. ತಂದೆ ಸಿದ್ದಲಿಂಗಸ್ವಾಮಿ ಸಂತೇಪೇಟೆಯ ಸಗಟು ಮಳಿಗೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರು ಎಲ್ಲವನ್ನೂ ಸರಿಯಾಗಿ ಹೇಳಿ, ಲವಂಗ ಹಳೆಯದು ಎಂದು ತಕರಾರನ್ನೂ ಎತ್ತಿ ಎದ್ದುಹೋದರು. ಬೀದಿಯ ಇತರರದ್ದೂ ಮುಗಿಯಿತು. ಸರ್ವಮಂಗಳಾ ಮಾತ್ರ ಒಲೆಯ ಮೇಲೆ ಏನೋ ಇದೆ, ಆಮೇಲೆ ಬರುತ್ತೇನೆ ಎನ್ನುತ್ತಲೇ ಇದ್ದರು. ಕೊನೆಗೆ ಮಧುಶ್ರೀಯೇ, ಅಮ್ಮ ಸಹಿ ಹಾಕಿಯಾಗಿದೆಯಲ್ಲ, ಈಗ ಕೂತುಕೋ ಎಂದು ಒತ್ತಾಯಿಸಿ, ನಿಯಮದಂತೆ ತಾನು ಹೊರಗೆ ಹೋದಳು.

ಅನುಪಮಾ ಮೊದಲ ಡಬ್ಬಿ ಹಿಡಿದಳು. ಸರ್ವಮಂಗಳಾ ನಗುತ್ತ ಕಾಫಿ ಎಂದರು. ಅದು ನಿಂಬೆ ಸಿಪ್ಪೆಯಾಗಿತ್ತು. ಎರಡನೆಯದಕ್ಕೆ ಲವಂಗ ಎಂದರು; ಅದು ಇಂಗು. ಬರೀ ಹತ್ತಿಯ ಡಬ್ಬಿ ಮೂಸಿ, ತಡೆಯದೆ, ಏಲಕ್ಕಿ ಎಂದರು. ಕರ್ಪೂರದ್ದನ್ನು ಮಾತ್ರ ಎರಡು ಸಲ ಮೂಸಿ, ಮೂಗಿನೊಳಗೆ ಏನೋ ತಣ್ಣಗಾಯಿತು ಎಂದರು. ಅನುಪಮಾ ಉತ್ತರಗಳನ್ನು ಬರೆದುಕೊಳ್ಳುತ್ತ ಹೋದಳು. ಸರಿ ತಪ್ಪು ಹೇಳಬಾರದೆಂಬುದೂ ನಿಯಮವೇ. ಆದರೆ ಕಣ್ಣು ತೆರೆದು ಅವಳ ಮುಖ ನೋಡಿದ ಸರ್ವಮಂಗಳಾಗೆ ಗೊತ್ತಾಯಿತು. ಅವರು ಎದ್ದು, ಒಳಗೆ ಬಾ ಎಂದರು.

ಅನುಪಮಾ ಎಷ್ಟೋ ಸಲ ಆ ಮನೆಗೆ ಬಂದಿದ್ದರೂ ಹಾಲ್ ದಾಟಿ ಅಡುಗೆಮನೆಗೆ ಹೋಗಿರಲಿಲ್ಲ. ಬೇಡ ಎಂದು ಯಾರೂ ಅಂದಿರಲಿಲ್ಲ, ಬಾ ಎಂದೂ ಅಂದಿರಲಿಲ್ಲ. ಈಗ ಸರ್ವಮಂಗಳಾ ಅವಳನ್ನು ಒಳಗೆ ಕರೆದುಕೊಂಡು ಬಾಗಿಲು ಮುಂದಕ್ಕೆ ಹಾಕಿದರು. ಕೊರೋನಾ ಜ್ವರ ಬಂದಾಗ ಹೋದ ವಾಸನೆ ತಿರುಗಿ ಬಂದೇ ಇಲ್ಲ ಎಂದರು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದು ಕಾದು, ಆಮೇಲೆ ಹೇಳುವುದಕ್ಕೆ ನಾಚಿಕೆಯಾಯಿತು. ಕೊತ್ತಂಬರಿ ಬೀಜದ ಬಣ್ಣ ನೋಡಿಕೊಂಡು, ಮೆಂತ್ಯ ಸಿಡಿಯುವ ಸದ್ದು ಕೇಳಿಕೊಂಡು ಹುರಿಯುತ್ತಾರೆ. ಒಂದೆರಡು ಸಲ ಸೀದಿದ್ದೂ ಇದೆ, ಅದನ್ನು ಚೆಲ್ಲಿದ್ದಾರೆ.

"ಮೂಗೇ ಇಲ್ದೋಳು ಹುಳಿಪುಡಿ ಮಾಡ್ತಾಳೆ ಅಂತ ಗೊತ್ತಾದ್ರೆ ಯಾರಮ್ಮ ತಗೋತಾರೆ? ನಮ್ಮನೆಯವ್ರಿಗೂ ಹೇಳಿಲ್ಲ. ಮಧುಗೆ ಹೇಳ್ಬೇಡ ಕಣಮ್ಮ."

"ಹೇಳಲ್ಲ ಆಂಟಿ. ಹೇಳೋ ಹಾಗೂ ಇಲ್ಲ," ಎಂದಳು ಅನುಪಮಾ. ಸ್ವಲ್ಪ ಯೋಚಿಸಿ, "ನಿಮಗೆ ಬೇಡ ಅನ್ಸಿದ್ರೆ ನಿಮ್ಮದನ್ನ ತೆಗೆದುಹಾಕ್ಬಹುದು. ನಿಯಮ ಇದೆ. ಯಾಕೆ ಅಂತ ಯಾರೂ ಕೇಳೋ ಹಾಗಿಲ್ಲ."

"ಹಂಗಾದ್ರೆ ತೆಗೆದ್ಬುಡು."

ಅನುಪಮಾ ಉತ್ತರ ಬರೆದುಕೊಂಡಿದ್ದ ಚೀಟಿಯನ್ನು ಅಲ್ಲೇ ಹರಿದು ಅವರ ಕೈಗೆ ಕೊಟ್ಟಳು. ಹೊರಗೆ ಬಂದಾಗ ಮಧುಶ್ರೀ, ಅಮ್ಮ ಹೇಗೆ ಮಾಡಿದಳು ಎಂದು ಕೇಳಿದಳು. ಹೇಳುವಂತಿಲ್ಲ ಎಂದಳು ಅನುಪಮಾ. ಮಧುಶ್ರೀ ನಕ್ಕಳು.

ಮರುದಿನ ಶಾಲೆಯಲ್ಲಿ ಇಬ್ಬರೂ ಲೆಕ್ಕ ಹಾಕಲು ಕುಳಿತರು. ಪ್ರತಿಯೊಬ್ಬರಿಗೂ ಸಹಿ ಹಾಕಿದಾಗಲೇ ಹೆಸರಿನ ಬದಲು ಒಂದು ನಂಬರು ಕೊಟ್ಟಿದ್ದರು. ಯಾವ ನಂಬರು ಯಾರದ್ದೆಂಬುದು ಪರೀಕ್ಷಿಸಿದವಳಿಗೆ ಮಾತ್ರ ಗೊತ್ತು. ಮಧುಶ್ರೀ ನಂಬರುಗಳನ್ನು ಜೋಡಿಸುತ್ತ ಹೋದಾಗ ನಡುವೆ ಒಂದು ಕಾಣೆಯಾಗಿತ್ತು. ಇದೆಲ್ಲಿ ಎಂದು ಕೇಳಿದಳು. ಅವರು ಹಿಂದೆ ಸರಿದರು ಎಂದಳು ಅನುಪಮಾ. ಪರೀಕ್ಷೆಗೆ ಮುಂಚೆಯೋ ಆಮೇಲೋ? ಆಮೇಲೆ. ಎಷ್ಟು ಸರಿ ಇತ್ತು? ಅನುಪಮಾ ಮುಂದಿನ ನಂಬರು ಓದಿದಳು.

ಅಲ್ಲಿಗೆ ಮಧುಶ್ರೀಗೆ ಅನುಮಾನ ಬಂತು. ಮಧ್ಯವಯಸ್ಸಿನವರು ಚೆನ್ನಾಗಿ ಗುರುತಿಸುತ್ತಾರೆ, ಅರವತ್ತು ದಾಟಿದವರು ತಪ್ಪುತ್ತಾರೆ ಎಂದು ಅನುಪಮಾ ಮೊದಲಿನಿಂದಲೂ ಹೇಳುತ್ತಿದ್ದಳು. ಈಗ ನಕ್ಷೆಯೂ ಹಾಗೆಯೇ ಬಂದಿತ್ತು. ತನ್ನ ಮಾತಿಗೆ ಹೊಂದದ ಒಂದನ್ನು ಅವಳೇ ಕಿತ್ತುಹಾಕಿರಬೇಕು ಎಂದುಕೊಂಡಳು, ಹಾಗೆಂದು ಹೇಳಿಯೂಬಿಟ್ಟಳು. ಇಲ್ಲ ಎಂದಳು ಅನುಪಮಾ. ಮಧುಶ್ರೀ ನೇರವಾಗಿ ಮೇಷ್ಟ್ರ ಬಳಿಗೆ ಹೋದಳು.

ಮಹದೇವಪ್ರಸಾದ್ ಇಬ್ಬರನ್ನೂ ಪ್ರಯೋಗಾಲಯದಲ್ಲಿ ಕೂರಿಸಿಕೊಂಡು ಕೇಳಿದರು. ಅವರೇ ಬೇಡವೆಂದರೋ, ನೀನೇ ತೆಗೆದುಹಾಕಿದೆಯೋ ಎಂದು ಅನುಪಮಾಳನ್ನು ಕೇಳಿದಾಗ, ನಾನು ನಿಯಮ ಹೇಳಿದೆ, ಅವರು ತೆಗೆ ಅಂದರು ಎಂದಳು. ಮೇಷ್ಟ್ರು, ವರದಿಯಲ್ಲಿ ಒಬ್ಬರು ಹಿಂದೆ ಸರಿದರು ಎಂದು ಬರೆಯಿರಿ, ಅಷ್ಟೇ ಎಂದರು.

"ಸರ್, ಇವಳು ಸುಳ್ಳು ಹೇಳ್ತಿದ್ರೆ?" ಎಂದಳು ಮಧುಶ್ರೀ.

"ಸುಳ್ಳು ಹೇಳಿದ್ರೆ ಅದು ಅವಳ ತಪ್ಪು ಕಣಮ್ಮ. ಅದನ್ನ ಕಂಡುಹಿಡಿಯೋಕೆ ಅಂತ ನಾನು ಹೆಸರು ಬಾಯಿಬಿಡಿಸಿದ್ರೆ ಅದು ನನ್ನ ತಪ್ಪಾಗುತ್ತೆ."

ಮಧುಶ್ರೀಗೆ ಈ ನ್ಯಾಯ ಒಪ್ಪಿಗೆಯಾಗಲಿಲ್ಲ. ತಾನೊಬ್ಬಳೇ ಭಾಗವಹಿಸುತ್ತೇನೆ ಎಂದಳು. ನೋಂದಣಿಯಾದ ಮೇಲೆ ತಂಡ ಒಡೆಯುವಂತಿಲ್ಲ ಎಂಬುದನ್ನು ಮೇಷ್ಟ್ರು ನೆನಪಿಸಿದರು. ಅಂದಿನಿಂದ ಇಬ್ಬರೂ ಒಂದೇ ಬೋರ್ಡಿನ ಕೆಲಸವನ್ನು ಬೇರೆಬೇರೆ ಹೊತ್ತಿನಲ್ಲಿ ಮಾಡತೊಡಗಿದರು. ಊಟದ ಬಿಡುವಿನಲ್ಲಿ ಮಧುಶ್ರೀ ನಕ್ಷೆ ಅಂಟಿಸಿ ಹೋದರೆ, ಶಾಲೆ ಬಿಟ್ಟ ಮೇಲೆ ಅನುಪಮಾ ಶೀರ್ಷಿಕೆ ಬರೆದು ಹೋಗುತ್ತಿದ್ದಳು. ಬಸ್‌ಸ್ಟಾಪಿನಲ್ಲಿ ಒಬ್ಬಳು ನೆರಳಲ್ಲಿ ನಿಂತರೆ ಇನ್ನೊಬ್ಬಳು ಬಿಸಿಲಲ್ಲಿ ನಿಲ್ಲುತ್ತಿದ್ದಳು. ಅನುಪಮಾಗೆ ಸಿಟ್ಟಿಗಿಂತ ಬೇಸರ ಹೆಚ್ಚಾಗಿತ್ತು. ಒಂದು ಮಾತು ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಅವಳಿಗೆ ದಿನಾ ಅನ್ನಿಸುತ್ತಿತ್ತು. ಆದರೆ ಆ ಮಾತು ತನ್ನದಾಗಿರಲಿಲ್ಲ.

ಮೇಳಕ್ಕೆ ಇನ್ನೂ ಕೆಲವು ದಿನ ಇರುವಾಗ, ಸಂಜೆ ಸರ್ವಮಂಗಳಾ ಪುಡಿಯನ್ನು ಪೊಟ್ಟಣಕ್ಕೆ ತುಂಬುತ್ತಿದ್ದರು. ಮಧುಶ್ರೀ ಪಕ್ಕದಲ್ಲಿ ಕುಳಿತು ಪೊಟ್ಟಣಗಳಿಗೆ ಚೀಟಿ ಅಂಟಿಸುತ್ತಿದ್ದಳು. ಅನುಪಮಾ ಈಚೆಗೆ ಬರುವುದೇ ಇಲ್ಲವಲ್ಲ ಎಂದು ತಾಯಿ ಕೇಳಿದ್ದೇ ತಡ, ಮಧುಶ್ರೀ ಎಲ್ಲವನ್ನೂ ಹೇಳಿದಳು. ಸುಳ್ಳುಬುರುಕಿ, ಮೇಷ್ಟ್ರೂ ಅವಳ ಪರ, ಮೇಳ ಮುಗಿದ ಮೇಲೆ ಅವಳ ಜೊತೆ ಮಾತೇ ಇಲ್ಲ ಎಂದಳು. ಸರ್ವಮಂಗಳಾ ಕೈಯಲ್ಲಿದ್ದ ಪೊಟ್ಟಣವನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಅವಳನ್ನ ಬಯ್ಯಬೇಡ ಕಣೆ," ಎಂದರು. "ತೆಗೆಸಿದ್ದು ನಾನು."

ಮಧುಶ್ರೀಗೆ ಮೊದಲು ಅರ್ಥವಾಗಲಿಲ್ಲ. ತಾಯಿ ನಿಧಾನವಾಗಿ ಬಿಡಿಸಿ ಹೇಳಿದರು. ಹೇಳುತ್ತಿರುವಾಗ ಅವಳಿಗೆ ಒಂದೊಂದೇ ಹೊಳೆಯಿತು. ಹಾಲು ಕೆಟ್ಟಿದೆಯಾ ನೋಡೇ ಎಂದು ತನ್ನನ್ನು ಕೂಗಿ ಕರೆಯುತ್ತಿದ್ದುದು. ಮಲ್ಲಿಗೆ ಮಾಲೆ ತಂದುಕೊಟ್ಟರೆ ಮುಡಿದುಕೊಂಡು ಏನೂ ಹೇಳದೆ ಇರುತ್ತಿದ್ದುದು. ಅಮ್ಮನಿಗೆ ಮೊದಲಿನ ಉತ್ಸಾಹವಿಲ್ಲ ಎಂದಷ್ಟೇ ಅವಳು ತಿಳಿದಿದ್ದಳು. ಅವಳಿಗೆ ಅಳು ಬಂತು. ತಾಯಿಗಾಗಿ ಎಷ್ಟು, ಅನುಪಮಾಗೆ ತಾನು ಅಂದ ಮಾತಿಗಾಗಿ ಎಷ್ಟು ಎಂದು ಅವಳಿಗೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬಸ್ಸಿಗೆ ಕಾಯದೆ, ತಂದೆಯನ್ನು ಕಾಡಿ ಸ್ಕೂಟರಿನಲ್ಲಿ ಯಾದವಗಿರಿಗೆ ಹೋಗಿ ಇಳಿದಳು. ಅನುಪಮಾ ಬ್ಯಾಗು ಹೆಗಲಿಗೇರಿಸಿ ಹೊರಡುತ್ತಿದ್ದಳು. ಅಮ್ಮ ಎಲ್ಲ ಹೇಳಿದಳು ಎಂದಳು ಮಧುಶ್ರೀ. ತನ್ನದು ತಪ್ಪಾಯಿತು ಎಂದೂ ಹೇಳಿದಳು. ಇಬ್ಬರೂ ಜೊತೆಯಾಗಿ ಬಸ್‌ಸ್ಟಾಪಿನತ್ತ ನಡೆದರು. ಸ್ವಲ್ಪ ದೂರ ಹೋಗುವುದರೊಳಗೆ ಮಧುಶ್ರೀಗೆ ಇನ್ನೊಂದು ಆಲೋಚನೆ ಬಂದಿತ್ತು. ಅಮ್ಮನನ್ನು ಮತ್ತೆ ಪರೀಕ್ಷಿಸಿ ಸೇರಿಸಿದರೆ ಪ್ರಯೋಗವೇ ಬೇರೆಯಾಗುತ್ತದೆ. ವಯಸ್ಸೊಂದೇ ಅಲ್ಲ, ಕಾಯಿಲೆಯೂ ಮೂಗನ್ನು ಕಸಿಯುತ್ತದೆ ಎಂದು ತೋರಿಸಬಹುದು. ಬಹುಮಾನ ಬಂದರೂ ಬಂದೀತು.

"ಆಂಟೀನ ಕೇಳಿದ್ಯಾ?" ಎಂದಳು ಅನುಪಮಾ.

ಕೇಳಿರಲಿಲ್ಲ. ಅಂದು ಸಂಜೆ ಇಬ್ಬರೂ ಹೋಗಿ ಕೇಳಿದರು. ಸರ್ವಮಂಗಳಾ ಅನುಪಮಾಳನ್ನು ಅಡುಗೆಮನೆಯಲ್ಲೇ ಕೂರಿಸಿ ಚಕ್ಕುಲಿ ಕೊಟ್ಟರು. ಮಗಳ ಮಾತನ್ನು ಪೂರ್ತಿ ಕೇಳಿ, ಬೇಡ ಎಂದರು.

"ಹೆಸರು ಹಾಕಲ್ಲ ಅಮ್ಮ. ಯಾರಿಗೂ ಗೊತ್ತಾಗಲ್ಲ."

"ನಿಂಗೆ ಹೇಳ್ದೆ ಅಂದ್ರೆ ಊರಿಗೆಲ್ಲ ಹೇಳ್ದೆ ಅಂತಲ್ಲ ಕಣೆ. ನನ್ನ ಬುಟ್ಬುಡಿ."

ಮಧುಶ್ರೀ ಮತ್ತೆ ಬಾಯಿ ತೆರೆದಳು, ಆದರೆ ಅನುಪಮಾ ಅವಳನ್ನೇ ನೋಡುತ್ತಿದ್ದಳು. ಅವಳು ಒಂದು ಚಕ್ಕುಲಿ ಎತ್ತಿಕೊಂಡಳು.

ಮೇಳ ಲಕ್ಷ್ಮೀಪುರಂನ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯಿತು. ಲವಂಗ, ಕಾಫಿಪುಡಿಗಳನ್ನು ತರುವಂತಿರಲಿಲ್ಲವಾದ್ದರಿಂದ ಅವುಗಳ ಫೋಟೋ ಅಂಟಿಸಿದ್ದರು. ಪಕ್ಕದ ಮೇಜಿನಲ್ಲಿ ಇಬ್ಬರು ಹುಡುಗರು ತಾವೇ ಮಾಡಿದ ಗಾಳಿಯಂತ್ರ ತಂದಿದ್ದು, ಜನರೆಲ್ಲ ಅಲ್ಲಿಯೇ ಮುತ್ತಿದ್ದರು. ಮಧ್ಯಾಹ್ನ ತೀರ್ಪುಗಾರರಾಗಿ ಬಂದ ಹಿರಿಯ ಹೆಂಗಸೊಬ್ಬರು ಇವರ ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಒಬ್ಬರು ಹಿಂದೆ ಸರಿದರು ಎಂಬ ಸಾಲಿನ ಮೇಲೆ ಬೆರಳಿಟ್ಟು, ಯಾಕೆ ಎಂದು ಕೇಳಿದರು.

ಅನುಪಮಾ ಉತ್ತರಿಸುವ ಮೊದಲೇ ಮಧುಶ್ರೀ, ಕಾರಣ ಹೇಳುವಂತಿಲ್ಲ ಮೇಡಂ ಎಂದಳು.

"ಅವರು ಇದ್ದಿದ್ದರೆ ನಿಮ್ಮ ಉತ್ತರ ಬದಲಾಗ್ತಿತ್ತಾ?"

ಇದಕ್ಕೆ ಇಬ್ಬರೂ ತಯಾರಾಗಿರಲಿಲ್ಲ. ಬದಲಾಗುತ್ತಿತ್ತು ಎಂದರೆ ಅಂಕ ಹೋಗಬಹುದು. ಇಲ್ಲ ಎಂದರೆ ಸುಳ್ಳು. ಅನುಪಮಾ ಮೆಲ್ಲಗೆ, ಅವರ ವಯಸ್ಸಿನ ಗುಂಪಿನ ಸರಾಸರಿ ಕೆಳಗೆ ಬರುತ್ತಿತ್ತು, ಆದ್ದರಿಂದ ನಮ್ಮ ಉತ್ತರವನ್ನು ಪೂರ್ತಿ ನಂಬಬೇಡಿ ಮೇಡಂ ಎಂದಳು. ಆ ಹೆಂಗಸು ತಲೆಯಾಡಿಸಿ, ಏನೋ ಗುರುತು ಹಾಕಿಕೊಂಡು ಮುಂದಿನ ಮೇಜಿಗೆ ಹೋದರು.

ಮೊದಲ ಬಹುಮಾನ ಗಾಳಿಯಂತ್ರಕ್ಕೆ ಹೋಯಿತು. ಇವರಿಗೆ ಮೂರನೆಯದು ಬಂತು. ಮುಂದಿನ ಹಂತಕ್ಕೆ ಹೋಗಲು ಅದು ಸಾಲದು. ಮಹದೇವಪ್ರಸಾದ್ ಮೇಷ್ಟ್ರು ಇಬ್ಬರಿಗೂ ಕಬ್ಬಿನಹಾಲು ಕೊಡಿಸಿ, ಮುಂದಿನ ವರ್ಷ ಇನ್ನೂ ಹೆಚ್ಚು ಜನರನ್ನು ಪರೀಕ್ಷಿಸಿ ಎಂದಷ್ಟೇ ಹೇಳಿದರು.

ಅದಾದ ವಾರ ಸರ್ವಮಂಗಳಾ ಗಂಡನನ್ನು ಕರೆದುಕೊಂಡು ಕಿವಿ-ಮೂಗು-ಗಂಟಲಿನ ವೈದ್ಯರ ಬಳಿಗೆ ಹೊರಟರು. ಏನಾಗಿದೆ ಎಂದು ಸಿದ್ದಲಿಂಗಸ್ವಾಮಿ ಮನೆಯಲ್ಲಿ ಎರಡು ಸಲ ಕೇಳಿದ್ದರು. ಸರ್ವಮಂಗಳಾ ಹೇಳಿದ್ದು ಸ್ಕೂಟರಿನ ಹಿಂದೆ ಕುಳಿತ ಮೇಲೆ, ಮುಖ ಕಾಣಿಸದಿರುವಾಗ. ಸಿಗ್ನಲಿನಲ್ಲಿ ನಿಂತಾಗ ಗಂಡ ಅರ್ಧ ಹಿಂದಕ್ಕೆ ತಿರುಗಿ, "ಇಷ್ಟು ವರ್ಷ ಗ್ಯಾಸ್ ಸೋರಿದ್ರೆ ಏನ್ ಮಾಡ್ತಿದ್ದೆ?" ಎಂದರು.

ದಿನವೆಲ್ಲ ಮೂಗಿನ ವಿಷಯವೇ ತಲೆಯಲ್ಲಿದ್ದರೂ ಅದೊಂದು ಸರ್ವಮಂಗಳಾಗೆ ಹೊಳೆದೇ ಇರಲಿಲ್ಲ.

ವೈದ್ಯರು ವಾಸನೆ ಮರಳಿ ಬರುವ ಭರವಸೆ ಕೊಡಲಿಲ್ಲ, ಬರುವುದೇ ಇಲ್ಲ ಎಂದೂ ಹೇಳಲಿಲ್ಲ. ದಿನವೂ ಕೆಲವು ಪದಾರ್ಥ ಮೂಸಿ ಮಾಡಬೇಕಾದ ಅಭ್ಯಾಸ ಹೇಳಿಕೊಟ್ಟು, ಕೆಲವು ತಿಂಗಳು ಬಿಟ್ಟು ಬನ್ನಿ ಎಂದರು. ಹಿಂದಿರುಗುವಾಗ ಸಿದ್ದಲಿಂಗಸ್ವಾಮಿ ಮನೆಯ ಕಡೆ ತಿರುಗದೆ ಪೇಟೆಯ ಕಡೆ ತಿರುಗಿಸಿದರು. ಎಲೆಕ್ಟ್ರಿಕಲ್ ಅಂಗಡಿಯೊಂದರ ಮುಂದೆ ಗಾಡಿ ನಿಲ್ಲಿಸಿ, ಗ್ಯಾಸ್ ಸೋರಿದರೆ ಕೂಗುವ ಅಲಾರಂ ಇದೆಯಾ ಎಂದು ಕೇಳಿದರು. ಅಂಗಡಿಯವನು ತೋರಿಸಿದ. ಅದನ್ನು ಒಲೆಗೆ ಎಷ್ಟು ಹತ್ತಿರ, ಎಷ್ಟು ಎತ್ತರದಲ್ಲಿ ಹಾಕಬೇಕೆಂದು ಅವರು ಕೇಳಿ ತಿಳಿದುಕೊಳ್ಳುತ್ತಿರುವಾಗ, ಸರ್ವಮಂಗಳಾ ಪಕ್ಕದಲ್ಲಿ ನಿಂತು ಇನ್ನೊಂದು ಪ್ರಶ್ನೆ ಕೇಳಿದರು: ಮಿಕ್ಸಿ ತಿರುಗುವ ಸದ್ದಿನಲ್ಲಿ ಅದು ಕೇಳಿಸುತ್ತದೆಯೇ?