ಒಂದೇ ರಾತ್ರಿಗೆ ಮುದಿಯಾದ ಹಿಡಿಕೆ

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಒಂದು ಬಾಗಿಲ ಹಿಡಿಕೆಗೆ ವಯಸ್ಸಾಗಿದೆ. ನಿನ್ನೆ ಸಂಜೆಯವರೆಗೂ ಮದುಮಗನಂತೆ ಫಳಫಳ ಹೊಳೆಯುತ್ತಿದ್ದ ಹಿತ್ತಾಳೆಯ ಹಿಡಿಕೆ, ಮುಚ್ಚಿದ ಡಬ್ಬದೊಳಗೆ ಅಮೋನಿಯಾದ ಹಬೆ ಕುಡಿದು, ಬೆಳಗಾಗುವಷ್ಟರಲ್ಲಿ ಮುತ್ತಜ್ಜನಾಗಿತ್ತು. ಮೈಯೆಲ್ಲ ಕಂದು, ಸಂದಿಗೊಂದಿಗಳಲ್ಲಿ ಹಸಿರು ಕಿಲುಬು.

ಊರಿನವರೆಲ್ಲ ಕಿಲುಬು ತೆಗೆಯಲು ತಿಕ್ಕಿ ತಿಕ್ಕಿ ಸೋಲುತ್ತಿದ್ದರೆ, ಬೀಗರಾಯ ಬೇಕೆಂದೇ ಕಿಲುಬು ಹಿಡಿಸುತ್ತಿದ್ದ. ಅದು ಅವನ ನಿಜವಾದ ಹೆಸರಲ್ಲ. ಅವನ ಅಂಗಡಿಯಲ್ಲಿ ಬಾಗಿಲಿಗೆ ಬೀಗ, ಬೀರುವಿಗೆ ಬೀಗ, ಸಕ್ಕರೆ ಡಬ್ಬಿಗೂ ಬೀಗ. ಬಾಯಿಯೊಂದಕ್ಕೆ ಮಾತ್ರ ಇಲ್ಲ ಎಂದು ಹೆಂಡತಿ ಹೇಳುತ್ತಿದ್ದಳು.

ಹಳೆಯ ನಾಟಕಶಾಲೆಯನ್ನು ರಿಪೇರಿ ಮಾಡುತ್ತಿದ್ದರು. ಅದರ ಅಷ್ಟೂ ಬಾಗಿಲುಗಳಿಗೆ ಹಳೇ ಕಾಲದಂತೆ ಕಾಣುವ ಹೊಸ ಹಿಡಿಕೆಗಳು ಬೇಕಿದ್ದವು. ಅಂದು ಸಂಜೆಯೊಳಗೆ ಮಾದರಿ ಒಪ್ಪಿಸಬೇಕು. ಜೀವಮಾನವೆಲ್ಲ ಬೇರೆಯವರ ಕಳೆದುಹೋದ ಬೀಗದಕೈಗಳಿಗೆ ನಕಲು ಮಾಡಿಕೊಡುತ್ತಲೇ ಬಂದ ಬೀಗರಾಯನಿಗೆ, ಊರೇ ಹಿಡಿದು ಎಳೆಯುವಂಥ ಕೆಲಸ ಸಿಗುವ ಅವಕಾಶ ಇದೊಂದೇ.

ಆದರೆ ಎದುರಂಗಡಿಯವನ ಗಾಜಿನ ಹಿಂದೆ ಹೋದ ವಾರ ಒಂದು ಕಂದು ಹಿಡಿಕೆ ಪ್ರತ್ಯಕ್ಷವಾಗಿತ್ತು. ತನ್ನ ಹಬೆಯ ಗುಟ್ಟು ರಸ್ತೆ ದಾಟಿತ್ತು. ದಾಟಿಸಿದವರು ಯಾರು? ಅಂಗಡಿಯಲ್ಲಿ ಇದ್ದವರೇ ಇಬ್ಬರು. ತಾನಂತೂ ಅಲ್ಲ. ಉಳಿದವನು ಭಾವಮೈದುನ.

ಭಾವಮೈದುನ ಕೆಲಸ ಮಾಡುವಾಗ ಸಿಳ್ಳೆ ಹಾಕುತ್ತಿದ್ದ. ನೆಮ್ಮದಿಯಿಂದ ಇರುವವನ ಮೇಲೆ ಬೀಗರಾಯನಿಗೆ ಯಾವತ್ತೂ ನಂಬಿಕೆಯಿಲ್ಲ. ಇತ್ತೀಚೆಗೆ ಕೈಗೆ ಗ್ಲೌಸ್ ಬೇರೆ.

“ಇದ್ಯಾಕೋ ಹೊಸ ವೇಷ?”

“ಬೆವರು ತಾಗಿದ್ರೆ ಕಿಲುಬಿನ ಮೇಲೆ ಅಚ್ಚು ಬೀಳುತ್ತೆ, ಭಾವ. ಲ್ಯಾಕರ್ ಹೊಡೆಯೋವರೆಗೂ ಮುಟ್ಟಬಾರದು ಅಂತ ನೀವೇ ಹೇಳಿದ್ದು.”

ಗ್ಲೌಸ್ ಹಾಕುವವರು ಎರಡೇ ಜಾತಿ, ಡಾಕ್ಟರು ಮತ್ತು ಕಳ್ಳರು. ಇವನು ಓದಿದ್ದು ಅಷ್ಟಕ್ಕಷ್ಟೇ.

ಆದರೆ ಅವನ ಮಾತಿನಿಂದಲೇ ಬೀಗರಾಯನಿಗೆ ಮಹಾ ಉಪಾಯ ಹೊಳೆಯಿತು. ಕಿಲುಬು ಅಳಿಸದಂತೆ ಸೀಲ್ ಮಾಡುವ ಲ್ಯಾಕರನ್ನು ಹಿಡಿಕೆಗೆ ಈಗಲೇ ಹೊಡೆಯುವುದು ಬೇಡ. ಹಾಗೇ ಬೆತ್ತಲೆ ಬಿಟ್ಟು, ಹೊಡೆದಾಯಿತು ಎಂದು ಸುಳ್ಳು ಹೇಳುವುದು. ಕಳ್ಳ ಧೈರ್ಯವಾಗಿ ಮುಟ್ಟುತ್ತಾನೆ, ಬೆರಳಚ್ಚು ಕೊಟ್ಟು ಸಿಕ್ಕಿಬೀಳುತ್ತಾನೆ. ಬೀಗರಾಯ ಗ್ಲೌಸನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದ.

“ಸೀಲ್ ಆಯ್ತಾ, ಭಾವ?”

“ಆಯ್ತು.”

“ಯಾವಾಗ ಹೊಡೆದ್ರಿ? ವಾಸನೇನೇ ಬರ್ತಿಲ್ವಲ್ಲ.”

“ನಿನ್ನ ಮೂಗಿಗೆ ಶೀತ. ನಾನು ಹೊರಗೆ ಹೋಗಿ ಬರ್ತೀನಿ.”

ಹೊರಗೆ ಹೋದವನು ಹಿತ್ತಿಲ ಬಾಗಿಲಿಂದ ಒಳಬಂದು ನೀರಿನ ಡ್ರಮ್ಮಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತ. ಭಾವಮೈದುನ ಹಿಡಿಕೆಯ ಹತ್ತಿರ ಬಂದ. ಬಗ್ಗಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸುತ್ತಲೂ ನೋಡಿದ. ಮೂಸಿದ. ತಲೆ ಕೆರೆದುಕೊಂಡು ಹೊರಟುಹೋದ. ಕಣ್ಣಲ್ಲೇ ಕದಿಯುವ ಜಾತಿ ಎಂದುಕೊಂಡ ಬೀಗರಾಯ. ಕಾಲು ಜೋಮು ಹಿಡಿದರೂ ಏಳಲಿಲ್ಲ.

ಸಂಜೆಯ ಕಾಫಿ ತಂದ ಹೆಂಡತಿ ಡ್ರಮ್ಮಿನ ಹಿಂದೆ ಇಣುಕಿದಳು. “ಏನ್ರೀ, ಅಲ್ಲಿ ಮೊಟ್ಟೆ ಇಡ್ತಾ ಇದ್ದೀರಾ?”

“ಶ್, ನಿನ್ನ ತಮ್ಮನ್ನ ಹಿಡೀತಾ ಇದ್ದೀನಿ.”

“ಅವನು ಅಂಗಡಿ ಮುಂದೆ ಕಸ ಗುಡಿಸ್ತಾ ಇದ್ದಾನೆ. ಸಂಜೆ ಆಯ್ತು, ನಾಟಕಶಾಲೆಗೆ ಹೋಗಲ್ವಾ?”

ಬೀಗರಾಯ ದಡಬಡಿಸಿ ಎದ್ದ. ಹಿಡಿಕೆಯ ಮೇಲೆ ಒಂದೇ ಒಂದು ಅಚ್ಚಿಲ್ಲ. ಅನುಮಾನ ಇನ್ನೂ ದಪ್ಪವಾಯಿತು. ತಪ್ಪಿಲ್ಲದವನು ಇಷ್ಟು ಹುಷಾರಾಗಿ ಇರುತ್ತಾನಾ? ಅದನ್ನೇ ತಲೆಯಲ್ಲಿ ಕುಟ್ಟುತ್ತ ಹಿಡಿಕೆಯನ್ನು ಬರಿಗೈಲೇ ಎತ್ತಿ ಒಂದು ಡಬ್ಬಿಗೆ ಹಾಕಿಕೊಂಡು ಓಡಿದ. ಭಾವಮೈದುನ ಪೊರಕೆ ಬಿಸಾಕಿ ಹಿಂದೆಯೇ ಓಡಿದ. ದಾರಿಯಲ್ಲಿ ಮತ್ತೆ ಕೇಳಿದ, “ನಿಜವಾಗ್ಲೂ ಸೀಲ್ ಆಗಿದೆ ತಾನೇ, ಭಾವ?”

“ಎಷ್ಟು ಸಲ ಕೇಳ್ತೀಯೋ? ನಿನಗೇನು ಅದರ ಮೇಲೆ ಅಷ್ಟು ಕಣ್ಣು?”

ನಾಟಕಶಾಲೆಯ ಮ್ಯಾನೇಜರಮ್ಮ ಹಿಡಿಕೆಯನ್ನು ಡಬ್ಬಿಯ ಸಮೇತ ಕಿಟಕಿಯ ಬೆಳಕಿಗೆ ಹಿಡಿದರು. “ಅಬ್ಬಾ, ನಮ್ಮಜ್ಜಿ ಮನೆ ಬಾಗಿಲೇ ನೆನಪಾಯ್ತು. ನಿಮ್ಮ ಎದುರಂಗಡಿಯವರು ತಂದಿದ್ದು ಇದರ ಮುಂದೆ ಏನೂ ಅಲ್ಲ. ಅದು ಬರೀ ಪೇಂಟು.”

“ಪೇಂಟಾ?” ಎಂದ ಬೀಗರಾಯ.

“ಮತ್ತಿನ್ನೇನು? ಡಬ್ಬಿಯಿಂದ ತೆಗೆದು ಬಳಿದಿದ್ದಾರೆ.”

ಗುಟ್ಟು ರಸ್ತೆ ದಾಟಿರಲೇ ಇಲ್ಲ. ಬೀಗರಾಯ ಭಾವಮೈದುನನ ಕಡೆ ತಿರುಗಲು ಧೈರ್ಯ ಮಾಡುತ್ತಿರುವಾಗ ಮ್ಯಾನೇಜರಮ್ಮ ಮೇಜಿನ ಖಾನೆಯಿಂದ ಬಿಳಿ ಬಟ್ಟೆ ತೆಗೆದರು. ಆಗಲೇ ಅವನಿಗೆ ಲ್ಯಾಕರ್ ನೆನಪಾಗಿದ್ದು.

“ಅಮ್ಮ, ಅದೊಂದು…”

ಅವರು ಆಗಲೇ ಒಮ್ಮೆ ಉಜ್ಜಿದ್ದರು. ಬಟ್ಟೆಯ ಮೇಲೆ ಕಂದು, ಅದರಂಚಿಗೆ ಹಸಿರು. ಹಿಡಿಕೆಯ ಮೇಲೆ, ಉಜ್ಜಿದ ಜಾಗದಲ್ಲಿ, ಮದುಮಗ ಮತ್ತೆ ಹೊಳೆಯುತ್ತಿದ್ದ.

“ಅಂದ ಏನೋ ಇದೆ,” ಎಂದರು ಅವರು ಬೇಸರದಿಂದ, “ಆದ್ರೆ ಬಣ್ಣ ಬಟ್ಟೆಗೆ ಹತ್ತಬಾರದು ಅನ್ನೋದು ನಮ್ಮ ಮೊದಲ್ನೇ ಷರತ್ತು.”

“ಬೆಳಿಗ್ಗೆ ಲ್ಯಾಕರ್ ಹೊಡೆದು, ಮೇಣ ಹಚ್ಚಿ ತಂದುಕೊಡ್ತೀನಿ.”

“ಇವತ್ತೇ ಕೊನೆ. ಪೇಂಟಾದ್ರೂ ಅವರದು ಒಣಗಿದೆ.”

ಭಾವಮೈದುನ ಹಿಡಿಕೆಯನ್ನು ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. ಉಜ್ಜದೆ ಉಳಿದ ಕಡೆ ಐದು ಬೆರಳಿನ ಗುರುತೂ ಚೆನ್ನಾಗಿ ಮೂಡಿತ್ತು.

“ಭಾವ,” ಎಂದ ಮೆಲ್ಲಗೆ, “ಇವೆಲ್ಲ ನಿಮ್ಮವೇ.”