ಐಶ್ವರ್ಯ ಮೇಡಂ ಸಹಿ

"ಎಲೆಅಡಿಕೆ ಉಗುಳೇ ಮುಂಡೇದೆ. ಆ ಕೆಂಪು ಬಾಯಿ ನೋಡಿದ್ರೆ ನಿನ್ನ ಯಾವನು ಡಾಕ್ಟ್ರು ಅಂತಾನೆ?" ಎಂದು ಲ್ಯಾಬಿನ ಮಾಲೀಕ ಕೊಟ್ಟೂರೇಶ್ ಬಿಳಿ ಕೋಟನ್ನು ನನ್ನತ್ತ ಎಸೆದ. ಕೈಗೆ ಕೊಟ್ಟರೆ ಮೈಲಿಗೆಯಾದೀತಲ್ಲ.

ಎಂ.ಸಿ.ಸಿ. ಬಡಾವಣೆಯ ಆ ಡಿಎನ್‌ಎ ಲ್ಯಾಬಿನಲ್ಲಿ ನೆಲ ಒರೆಸುವವಳು ನಾನು, ಭೀಮವ್ವ. ಅಂದು ಸರ್ಕಾರದವರ ತಪಾಸಣೆ. ಓದಿದ ಡಾಕ್ಟರು ಇರಲೇಬೇಕೆಂದು ಕಾನೂನಂತೆ. ಡಾಕ್ಟರೆಂದು ನಿಲ್ಲಿಸಲು ಬಾಡಿಗೆಗೆ ಗೊತ್ತು ಮಾಡಿದ್ದ ಹುಡುಗಿ ಕೈಕೊಟ್ಟಿದ್ದಳು. ಸಾಹೇಬರು ತಲೆ ಎಣಿಸಿಕೊಂಡು ಹೋಗುತ್ತಾರೆ, ನೀನು ಬಾಯಿ ಬಿಟ್ಟರೆ ಕೆಲಸ ಹೋಯಿತೆಂದು ತಿಳಿ ಎಂದ ಕೊಟ್ಟೂರೇಶ್.

ಕೌಂಟರಿನ ಸುಷ್ಮಾ ನನ್ನ ಎದೆಗೆ ಬ್ಯಾಡ್ಜ್ ಚುಚ್ಚಿದಳು. ಏನು ಬರೆದಿದೆ ಎಂದು ಕೇಳಿದೆ.

"ಡಾಕ್ಟರ್ ಐಶ್ವರ್ಯ. ಇವತ್ತು ನೀನೇ ಅವ್ರು, ಭೀಮವ್ವಾ."

ಆ ಹೆಸರು ನಾನು ಮರೆಯುವಂಥದ್ದಲ್ಲ. ನನ್ನ ಮಗಳು ಸುನೀತಾಳ ಮೇಲೆ ಗಂಡ ಅನುಮಾನಪಟ್ಟು ಟೆಸ್ಟ್ ಮಾಡಿಸಿದ್ದು ಇಲ್ಲೇ. ಕೂಸು ಅವನದಲ್ಲ ಎಂದ ರಿಪೋರ್ಟಿನ ಕೆಳಗಿದ್ದ ಸಹಿ ಇದೇ ಐಶ್ವರ್ಯ ಮೇಡಂದೆಂದು ಆಗಲೇ ಓದಿಸಿ ತಿಳಿದಿದ್ದೆ. ಅದನ್ನು ಹಿಡಿದು ಹರಿಹರದ ಬೀಗರು ಬಾಣಂತಿಯನ್ನು ಸೂಳೆ ಎಂದು ಬೀದಿಗೆ ನೂಕಿದರು. ಇನ್ನೊಮ್ಮೆ ನೋಡಿಸಿ ಎಂದು ಕಾಲಿಗೆ ಬಿದ್ದರೆ ಕೊಟ್ಟೂರೇಶ್, "ನಿಮ್ ಕೇರಿಯೋರ ಹಾದರಕ್ಕೆ ನನ್ ಮಷೀನ್ ತಪ್ಪು ಮಾಡ್ತೈತೇನು?" ಎಂದಿದ್ದ. ಆ ಮೇಡಂನಾದರೂ ಕಂಡು ಕೇಳೋಣವೆಂದು ತಿಂಗಳುಗಟ್ಟಲೆ ಕಾದೆ. ರಜೆ, ರಜೆ ಎಂದರು. ಅಂಥವಳೊಬ್ಬಳು ಈ ಹೊಸ್ತಿಲು ತುಳಿದೇ ಇಲ್ಲವೆಂದು ಈಗ ಗೊತ್ತಾಯಿತು.

ಅಧಿಕಾರಿ ಶಿವಮೂರ್ತಿ ಬಂದ. ಎಸಿ ಕೋಣೆಯಲ್ಲಿ ಕೂತು ಗೋಡಂಬಿ ತಿಂದ. ಆಮೇಲೆ ಹೊರಗೆ ಬಂದು ನನ್ನ ಬ್ಯಾಡ್ಜ್ ಓದಿ, ರಿಪೋರ್ಟಿಗೆಲ್ಲ ಸಹಿ ಮಾಡುವವರು ನೀವೇನಾ ಎಂದು ಕೇಳಿದ. ಹೌದು ಸರ್ ಎಂದು ಕೊಟ್ಟೂರೇಶನೇ ಮುಂದಾಗಿ ಹೇಳಿದ.

ಬಾಯಿ ಮುಚ್ಚಿಕೊಂಡಿದ್ದರೆ ಮನೆಯ ಒಲೆ ಉರಿಯುತ್ತಿತ್ತು. ಆದರೆ ಅದೇ ಮನೆಯಲ್ಲಿ ನನ್ನ ಮಗಳು ಕೂಸಿಗೆ ಮೊಲೆ ಕೊಡುವಾಗಲೂ ಗೋಡೆಯತ್ತ ಮುಖ ಮಾಡಿ ಕೂರುತ್ತಾಳೆ.

"ಹೌದ್ರಿ ಸಾಹೇಬ್ರೆ, ನಾನೇ ಐಶ್ವರ್ಯ. ಹರಿಹರದ ಸುನೀತಾಂದು ರಿಪೋರ್ಟ್ ನಾನೇ ಕೊಟ್ಟಿದ್ದು. ಅದು ಸುಳ್ಳೈತ್ರಿ. ಹಂಗಂತ ಬರ್ಕೊಳ್ರಿ, ಹೆಬ್ಬೆಟ್ಟು ಒತ್ತತೀನಿ."

ಅಧಿಕಾರಿಯ ಪೆನ್ನು ನಿಂತಿತು. ಇವಳು ಐಶ್ವರ್ಯ ಅಲ್ಲ ಎಂದರೆ ಕೊಟ್ಟೂರೇಶ್ ತಾನೇ ಸಿಕ್ಕಿಬೀಳುತ್ತಿದ್ದ. ಮಾತು ಹೊರಗೆ ಹೋಗದಿರಲೆಂದು ಬಾಗಿಲು ಕಾಯುವ ಲಿಂಗಣ್ಣನಿಗೆ ಕಣ್ಸನ್ನೆ ಮಾಡಿದ. ಶಟರ್ ದಡದಡ ಇಳಿಯಿತು. ಒಳಗೆ ನಾನು ಹೆಬ್ಬೆಟ್ಟು ಚಾಚಿಕೊಂಡೇ ನಿಂತಿದ್ದೆ.