ಸಂಬಾಳಕ್ಕೊಂದು ಜಮಖಾನ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಮದುಮಗಳಿಂದ ಮಾಡಿದರೆ ನೀವು ನೇರ ಊಟದ ಮನೆಗೇ ನುಗ್ಗುತ್ತೀರಿ, ನನಗೆ ಗೊತ್ತು. ಚಪ್ಪಲಿಯಿಂದಲೇ ಮಾಡುತ್ತೇನೆ.

೧೯೮೬, ಜೇವರ್ಗಿಯ ಒಂದು ಕಲ್ಯಾಣ ಮಂಟಪ. ಬಾಗಿಲಲ್ಲಿ ಚಪ್ಪಲಿ ರಾಶಿ, ಆಚೆ ಕೈ ತೊಳೆಯುವ ನಲ್ಲಿ, ಎರಡರ ನಡುವೆ ಬಾಜಾದವರು. ಸಂಬಾಳವೆಂಬ ಜೋಡಿ ಚರ್ಮವಾದ್ಯ ಬಾರಿಸುವ ಸರ್ದಾರ ಅವರ ಮುಖಂಡ. ಒಳಗಿನ ಕಟ್ಟೆಯ ಮೇಲೆ ಜಮಖಾನ ಹಾಸಿ ತನ್ನ ಮೇಳವನ್ನು ಮರ್ಯಾದೆಯಿಂದ ಕೂರಿಸಬೇಕು ಎಂಬುದೊಂದೇ ಅವನ ಆಸೆ. ಮ್ಯಾನೇಜರ್ ದೌಲತರಾಯ ಪ್ರತಿ ಸಲವೂ "ನೋಡೂಣು" ಅನ್ನುತ್ತಿದ್ದ.

೨ (ಹರಿದು ಹಾಕಿದ್ದು)
ಮೊದಲ ಡ್ರಾಫ್ಟಿನಲ್ಲಿ ಅಕ್ಷತೆ ಬೀಳುವಾಗ ಸರ್ದಾರನಿಂದ ಸ್ಟ್ರೈಕ್ ಮಾಡಿಸಿದ್ದೆ. ಭಾರೀ ಸೀನು! ಅವನು ಒಪ್ಪಲಿಲ್ಲ.

"ಅಕ್ಕಿಕಾಳ ಬೀಳೂವಾಗ ಬಾಜಾ ನಿಂದ್ರಸ್ತಾರೇನ್ರಿ ಸಾಹೇಬ್ರ? ಆ ಹುಡುಗಿ ನಮಗೇನ ಮಾಡ್ಯಾಳ?"

"ಮತ್ತ ಹೆಂಗ ಮಾಡ್ತಿ?"

"ನೀವು ಸುಮ್ನ ಬರೀರಿ. ನಾ ಮಾಡ್ತೇನಿ."

(ಪಾತ್ರಗಳು ಹೀಗೆ ತಲೆಯ ಮೇಲೆ ಕೂತರೆ ಲೇಖಕನ ಗತಿ ಏನು ಹೇಳಿ.)

೩
ಒಂದು ಮದುವೆಯ ಊಟ ನಡೆಯುತ್ತಿದ್ದಾಗ, ಮೊಮ್ಮಗಳ ಮದುವೆಗೆಂದು ಗುರುಬಾಯಿ ಮಂಟಪ ನೋಡಲು ಬಂದರು. ಸರ್ದಾರ ನಲ್ಲಿಯ ಬಳಿಯೇ ಬಾರಿಸಿದ. ಉಂಡವರು ಕೈ ತೊಳೆದ ನೀರು ಸಿಡಿದು ಸಂಬಾಳದ ಚರ್ಮ ತೊಯ್ದಿತ್ತು. ಬರೀ ಥಪ್ ಥಪ್. ಗುರುಬಾಯಿ ಮುಖ ಕಿವುಚಿದರು. ಆಮೇಲೆ ಅವನು ಕಟ್ಟೆ ಹತ್ತಿ ಬಾರಿಸಿದ. ಮಂಟಪ ಗುಂಯ್‌ಗುಟ್ಟಿತು. (ನಡುವೆ ಒಲೆಯ ಬಳಿ ಹೋಗಿ ಒದ್ದೆ ಚರ್ಮವನ್ನು ಕಾಸಿ ಬಿಗಿ ಮಾಡಿಕೊಂಡು ಬಂದಿದ್ದ. ಅದನ್ನು ಅವನು ಹೇಳಲಿಲ್ಲ, ನಾನೇ ಬಾಯಿಬಿಟ್ಟೆ.)

"ಇದು ಅದೇ ಸಂಬಾಳೇನು?"

"ಅದೇರಿ ಯವ್ವಾ. ಅಲ್ಲಿ ನೀರ ಸಿಡಿತದ, ಇಲ್ಲಿ ಸಿಡಿಯಂಗಿಲ್ಲ."

ಗುರುಬಾಯಿ ದೌಲತರಾಯನತ್ತ ತಿರುಗಿದರು. "ನಮ್ಮ ಮದ್ವ್ಯಾಗ ಇವರು ಇಲ್ಲೇ ಕೂಡಬೇಕು. ಜಮಖಾನ ಹಾಸ್ರಿ. ಇಲ್ಲಾಂದ್ರ ಮನಿ ಮುಂದ ಹಂದರ ಹಾಕ್ಕೋತೇವಿ."

"ಹಾಸ್ತೇನ್ರಿ ಅಮ್ಮಾರ!"

ಮಂಟಪದವರ ಬೆನ್ನು ಹತ್ತುವ ಬದಲು ಮಂಟಪ ಬಾಡಿಗೆಗೆ ಹಿಡಿಯುವವರ ಕಿವಿ ಹಿಡಿದಿದ್ದ ಸರ್ದಾರ. ನನ್ನ ಸ್ಟ್ರೈಕಿಗಿಂತ ಇದೇ ಚೆನ್ನಾಗಿದೆ ಎಂದು ನನಗೂ ಖುಷಿಯಾಯಿತು.

ಮುಕ್ತಾಯ (ಬೇಕಾದ್ದು ಆರಿಸಿಕೊಳ್ಳಿ)
ಅ. ಅಂದಿನಿಂದ ಎಲ್ಲ ಬಾಜಾದವರಿಗೂ ಕಟ್ಟೆ ಸಿಕ್ಕಿತು. (ನನಗೇ ನಂಬಿಕೆ ಇಲ್ಲ.)
ಆ. ಗುರುಬಾಯಿಯ ಮೊಮ್ಮಗಳ ಮದುವೆ ಮುಗಿದ ಕೂಡಲೇ ದೌಲತರಾಯ ಜಮಖಾನ ಸುತ್ತಿ...

ಸರ್ದಾರ ನನ್ನ ಕೈ ಹಿಡಿದ. "ಮುಗಿಸಬ್ಯಾಡ್ರಿ ಸಾಹೇಬ್ರ. ಆ ಮದ್ವಿ ಮುಗದ್ರ ತಾನೇ ಅವರು ಜಮಖಾನ ಸುತ್ತೂದು?"

ಸರಿಯಪ್ಪ. ಗುರುಬಾಯಿಯ ಮೊಮ್ಮಗಳ ಮದುವೆ ಇನ್ನೂ ನಡೆಯುತ್ತಲೇ ಇದೆ. ಬನ್ನಿ, ಉಣ್ಣಿ. ನಲ್ಲಿಯ ಬಳಿ ಈಗ ಯಾರೂ ಕೂತಿಲ್ಲ. ಕೈ ಧಾರಾಳವಾಗಿ ತೊಳೆದುಕೊಳ್ಳಿ.